ತಾಮ್ರ–ಟೆಂಪೋ ಗಾಳಿ ಆಕ್ಸಿಡೇಶನ್ ಮೂರನೇ ಒಂದು ಪಾಲಿಗೇ ನಿಲ್ಲುತ್ತಿದೆ, ಹಸಿರು ಬಣ್ಣ ಬರುತ್ತಿಲ್ಲ

ಕಲಬುರಗಿ_ಎಂಎಸ್ಸಿ:

ಎಲ್ಲರಿಗೂ ನಮಸ್ಕಾರ. 4-ಮೆಥಾಕ್ಸಿಬೆಂಜೈಲ್ ಆಲ್ಕೋಹಾಲನ್ನು ಗಾಳಿಯ ಆಮ್ಲಜನಕದಿಂದಲೇ ಅನಿಸಾಲ್ಡಿಹೈಡ್ ಮಾಡುವ ಪ್ರಾಜೆಕ್ಟ್ ಇದು. ಕೆಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಆಗಿ ತಾಮ್ರವೂ ಟೆಂಪೋವೂ (TEMPO, ಒಂಟಿ ಎಲೆಕ್ಟ್ರಾನ್ ಇದ್ದೂ ಸ್ಥಿರವಾಗಿರುವ ಸಾವಯವ ಸಂಯುಕ್ತ) ಇವೆ. ಅಳತೆಗಳು ಹೀಗಿವೆ: ಆಲ್ಕೋಹಾಲ್ 1.38 ಗ್ರಾಂ (10 ಮಿಲಿಮೋಲ್), ಕ್ಯುಪ್ರಸ್ (ಒಂದು ಧನಾವೇಶದ ತಾಮ್ರದ) ಬ್ರೋಮೈಡ್ 72 ಮಿ.ಗ್ರಾಂ, ಬೈಪಿರಿಡಿನ್ 78 ಮಿ.ಗ್ರಾಂ, ಟೆಂಪೋ 78 ಮಿ.ಗ್ರಾಂ (ಮೂರೂ 5 ಮೋಲ್%, ಅಂದರೆ 100 ಮೋಲ್ ಆಲ್ಕೋಹಾಲಿಗೆ 5 ಮೋಲ್), ಎನ್-ಮೀಥೈಲ್ ಇಮಿಡಜೋಲ್ 80 ಮೈಕ್ರೋಲೀಟರ್ (10 ಮೋಲ್%), ಅಸಿಟೋನೈಟ್ರೈಲ್ 50 ಮಿ.ಲೀ.

ಮೊದಲ ಸಲ: ಲ್ಯಾಬ್ ಒಳಗೆ 40 ಡಿಗ್ರಿ ಇದ್ದುದರಿಂದ ದ್ರಾವಕ ಹಾರಿಹೋಗದಿರಲಿ ಎಂದು 250 ಮಿ.ಲೀ. ಫ್ಲಾಸ್ಕಿಗೆ ರಬ್ಬರ್ ಸೆಪ್ಟಮ್ (ಗಾಳಿಯಾಡದ ಬಿರಡೆ) ಹಾಕಿ ಕಲಕಿದೆ. 6 ಗಂಟೆಯಾದರೂ ಬಣ್ಣ ಗಾಢ ಕೆಂಪು-ಕಂದು. ಎನ್ಎಂಆರ್ (ಅಣುರಚನೆ ತೋರುವ ಪರೀಕ್ಷೆ) ಪ್ರಕಾರ ಆಲ್ಡಿಹೈಡ್ ಆಗಿದ್ದು ಸುಮಾರು ಮೂರನೇ ಒಂದು ಪಾಲು. ರಾತ್ರಿಯಿಡೀ ಬಿಟ್ಟರೂ ಮುಂದೆ ಹೋಗಲಿಲ್ಲ.

ಎರಡನೇ ಸಲ: ಬಾಯಿ ತೆರೆದಿಟ್ಟೆ, ಆದರೆ ಕ್ಯುಪ್ರಸ್ ಬ್ರೋಮೈಡ್ ಬೇರೆ ಬಾಟಲಿಯದು. ಶುರುವಿನಿಂದಲೇ ಹಸಿರು, 4 ಗಂಟೆಯ ನಂತರವೂ ತೆಳು ಪದರದ ಮೇಲೆ ವಸ್ತುಗಳನ್ನು ಬೇರ್ಪಡಿಸಿ ನೋಡುವ ಟಿಎಲ್‌ಸಿಯಲ್ಲಿ ಆಲ್ಕೋಹಾಲ್ ಒಂದೇ.

ಕೆಟಲಿಸ್ಟ್ ಸತ್ತಿದೆಯೇ? 10 ಮೋಲ್%ಗೆ ಏರಿಸಲೇ? ಲ್ಯಾಬಲ್ಲಿ ಕೋಬಾಲ್ಟ್ ಅಸಿಟೇಟ್ ಬೇಕಾದಷ್ಟಿದೆ, ತಾಮ್ರದ ಬದಲು ಅದನ್ನೇ ಹಾಕಬಹುದೇ? ಮುಂದೆ ವೆನಿಲೈಲ್ ಆಲ್ಕೋಹಾಲಿಗೂ ಇದೇ ವಿಧಾನ ಬಳಸಬೇಕಿದೆ.

ಶಹಾಬಾದ್_ಕಲ್ಲು:

ಎರಡು ಸಲದ್ದೂ ಬೇರೆ ಬೇರೆ ರೋಗ. ನಾನು ಮೊದಲನೆಯದರ ಬಗ್ಗೆ ಮಾತ್ರ ಹೇಳುತ್ತೇನೆ. ಅಲ್ಲಿ ಕೆಟಲಿಸ್ಟ್ ಸತ್ತಿಲ್ಲ, ಅದಕ್ಕೆ ಉಸಿರು ಕಟ್ಟಿದೆ.

ಲೆಕ್ಕ ಹಾಕಿ ನೋಡಿ. ಒಂದು ಮೋಲ್ ಆಲ್ಕೋಹಾಲಿಗೆ ಅರ್ಧ ಮೋಲ್ ಆಮ್ಲಜನಕ ಬೇಕು. 10 ಮಿಲಿಮೋಲಿಗೆ 5 ಮಿಲಿಮೋಲ್. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು 0.95 ಅಟ್ಮಾಸ್ಫಿಯರ್. 40 ಡಿಗ್ರಿಯಲ್ಲಿ ಒಂದು ಮೋಲ್ ಅನಿಲ ಸುಮಾರು 27 ಲೀಟರ್ ಜಾಗ ಹಿಡಿಯುತ್ತದೆ. ಹಾಗಾಗಿ ನಿಮಗೆ ಬೇಕಾದ ಆಮ್ಲಜನಕ 135 ಮಿ.ಲೀ., ಅಂದರೆ ಗಾಳಿ ಸುಮಾರು 640 ಮಿ.ಲೀ. ನಿಮ್ಮ ಫ್ಲಾಸ್ಕಿನಲ್ಲಿ ದ್ರಾವಣದ ಮೇಲೆ ಉಳಿದಿದ್ದು ಹೆಚ್ಚೆಂದರೆ 200 ಮಿ.ಲೀ. ಚಿಲ್ಲರೆ. ಅದರಲ್ಲಿ ಆಮ್ಲಜನಕ 42 ಮಿ.ಲೀ., 1.55 ಮಿಲಿಮೋಲ್. ಅದು ಸುಡಬಲ್ಲದ್ದು 3.1 ಮಿಲಿಮೋಲ್ ಆಲ್ಕೋಹಾಲ್, ಅಂದರೆ 31%. ನಿಮ್ಮ ಎನ್ಎಂಆರ್ ಹೇಳಿದ್ದೂ ಅದನ್ನೇ. ದ್ರಾವಕದಲ್ಲಿ ಕರಗಿರುವ ಆಮ್ಲಜನಕ ಲೆಕ್ಕಕ್ಕೆ ಸಿಗುವಷ್ಟಿಲ್ಲ.

ಬಣ್ಣದ ಸಾಕ್ಷಿಯೂ ಇದೇ. ಬೆಂಜೈಲಿಕ್ ಆಲ್ಕೋಹಾಲಿನಲ್ಲಿ ನಿಧಾನದ ಹಂತವೆಂದರೆ ಕ್ಯುಪ್ರಸ್ ತಾಮ್ರವನ್ನು ಆಮ್ಲಜನಕ ಆಕ್ಸಿಡೈಸ್ ಮಾಡುವುದು. ಆಲ್ಕೋಹಾಲ್ ಇರುವವರೆಗೆ, ಹುಟ್ಟಿದ ಕ್ಯುಪ್ರಿಕ್ (ಎರಡು ಧನಾವೇಶದ) ತಾಮ್ರವೂ ಟೆಂಪೋವೂ ಕೂಡಿ ಆಲ್ಕೋಹಾಲಿನಿಂದ ಹೈಡ್ರೋಜನ್ ಕಿತ್ತುಕೊಂಡು, ತಾಮ್ರ ಮತ್ತೆ ಕ್ಯುಪ್ರಸ್ ಆಗುತ್ತದೆ. ಆದ್ದರಿಂದ ಬೈಪಿರಿಡಿನ್ ಹಿಡಿದ ಕ್ಯುಪ್ರಸ್ ತಾಮ್ರದ ಕೆಂಪು-ಕಂದು ಬಣ್ಣವೇ ಕಾಣುತ್ತಿರುತ್ತದೆ. ಆಲ್ಕೋಹಾಲ್ ತೀರಿದಾಗ ಕ್ಯುಪ್ರಿಕ್ ಹಾಗೇ ಉಳಿದು ಹಸಿರು ಅಥವಾ ನೀಲಿ-ಹಸಿರು ಬರುತ್ತದೆ. ಆಲ್ಕೋಹಾಲ್ ಉಳಿದಿದ್ದೂ ಕೆಂಪಾಗಿಯೇ ನಿಂತಿದ್ದರೆ ಕೊರತೆ ಗಾಳಿಯದ್ದು. ಕೆಟಲಿಸ್ಟ್ ಇಮ್ಮಡಿ ಮಾಡಿದರೆ ಪ್ರಯೋಜನವಿಲ್ಲ. ತೊಗರಿಯೇ ಬಾರದ ದಾಲ್ ಮಿಲ್ಲಿಗೆ ಇನ್ನೊಂದು ಯಂತ್ರ ಕೂಡಿಸಿದಂತೆ.

ದ್ರಾವಕ ಹಾರುವ ಚಿಂತೆ ಸರಿಯೇ. 25ರಿಂದ 40 ಡಿಗ್ರಿಗೆ ಏರಿದರೆ ಅಸಿಟೋನೈಟ್ರೈಲಿನ ಆವಿಯ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅದಕ್ಕೆ ಮುಚ್ಚಳ ಮದ್ದಲ್ಲ, ಕಂಡೆನ್ಸರ್ (ಆವಿಯನ್ನು ತಣಿಸಿ ಮತ್ತೆ ದ್ರವ ಮಾಡುವ ಕೊಳವೆ) ಬೇಕು. ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನಲ್ಲಿ ನೀರೇ ಬಿಸಿಯಾಗಿರುತ್ತದೆ, ಅದನ್ನು ಬಿಟ್ಟು ಬಕೆಟ್ಟಿನಲ್ಲಿ ಐಸ್ ನೀರಿಟ್ಟು ಏರ್ ಕೂಲರಿನ ಚಿಕ್ಕ ಪಂಪಿನಿಂದ ಸುತ್ತಿಸಿ. ಕಂಡೆನ್ಸರಿನ ಮೇಲ್ತುದಿ ತೆರೆದಿರಲಿ. ಫ್ಲಾಸ್ಕನ್ನು 25ರ ಸುಮಾರಿನ ನೀರಿನ ತೊಟ್ಟಿಯಲ್ಲಿಡಿ. ಕಲಕುವುದು ಜೋರಾಗಿರಲಿ, ಸುಳಿ ಕಾಣಬೇಕು. ಕರೆಂಟ್ ಹೋಗಿ ಸ್ಟಿರರ್ ನಿಂತರೆ ಆ ಸಮಯವನ್ನು ಲೆಕ್ಕದಿಂದ ಬಿಡಿ.

ಉದ್ದ ಕಂಡೆನ್ಸರಿನೊಳಗೆ ಗಾಳಿ ಇಳಿಯುವುದು ತಡವಾದರೆ ಮೀನಿನ ತೊಟ್ಟಿಯ ಗಾಳಿ ಪಂಪ್ ಸಾಕು. ಪಂಪ್ ಹುಡ್ (ಆವಿ ಎಳೆದು ಹೊರಹಾಕುವ ಕಪಾಟು) ಹೊರಗಿರಲಿ. ಗಾಳಿಯನ್ನು ಮೊದಲು ಅಸಿಟೋನೈಟ್ರೈಲ್ ತುಂಬಿದ ವಾಶ್ ಬಾಟಲಿಯಲ್ಲಿ ಹಾಯಿಸಿ ನಂತರ ದ್ರಾವಣದ ಮೇಲೆ ಬಿಡಿ, ಆಗ ಅದು ಒಳಗಿನ ದ್ರಾವಕವನ್ನು ಹೊತ್ತೊಯ್ಯುವುದು ಕಡಿಮೆ. ಆಮ್ಲಜನಕದ ಸಿಲಿಂಡರ್ ಬೇಡವೇ ಬೇಡ. ಅಸಿಟೋನೈಟ್ರೈಲಿನ ಫ್ಲ್ಯಾಶ್ ಪಾಯಿಂಟ್ (ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲ ಕನಿಷ್ಠ ತಾಪಮಾನ) ಸುಮಾರು 2 ಡಿಗ್ರಿ.

ಬಿದರಿ_ಕಪ್ಪು:

ಎರಡನೇ ಸಲದ್ದು ನಾ ಹೇಳ್ತೀನ್ರಿ. ಬಾಟಲಿ ತೆಗೆದು ಪುಡಿ ಬಣ್ಣ ನೋಡ್ರಿ. ಕ್ಯುಪ್ರಸ್ ಬ್ರೋಮೈಡ್ ಬಿಳಿ ಇರಬೇಕು, ಇಲ್ಲಾ ಸ್ವಲ್ಪ ಮಾಸಲು ಬಿಳಿ. ಹಸಿರು ಛಾಯೆ ಬಂದದ ಅಂದ್ರ ಗಾಳಿ-ತೇವ ಕುಡಿದು ಕ್ಯುಪ್ರಿಕ್ ಆಗ್ಯದ. ಈ ಪಾಕದಾಗ ಕ್ಯುಪ್ರಿಕ್ ಉಪ್ಪು ಕೆಲಸ ಮಾಡೋದು ಬಹಳ ಕಡಿಮಿ. ಕ್ಯುಪ್ರಿಕ್ ಬ್ರೋಮೈಡ್ ಇಟ್ಟು ನಡೆಸೋ ವಿಧಾನ ಬೇರೆ ಅದ, 2003ರಾಗ ಶೆಲ್ಡನ್ ಅವರ ಗುಂಪು ತೋರಿಸಿದ್ದು. ಅದರಾಗ ಅಸಿಟೋನೈಟ್ರೈಲ್ ಜೊತಿ ನೀರು, ಪೊಟ್ಯಾಸಿಯಂ ಟರ್ಟ್-ಬ್ಯೂಟಾಕ್ಸೈಡಿನಂಥ ಗಟ್ಟಿ ಪ್ರತ್ಯಾಮ್ಲ ಬೇಕು. ನೀವು ಹಾಕಿದ್ದು ಸ್ಟಾಲ್ ಗುಂಪಿನ 2011ರ ಪಾಕ, ಅದಕ್ಕ ಕ್ಯುಪ್ರಸ್ಸೇ ಬೇಕು.

ಹೊಸದು ತರಿಸೋ ಮೊದಲು ಇದ್ದದ್ದನ್ನೇ ತೊಳೀರಿ. 5 ಗ್ರಾಂ ಪುಡಿಗೆ 30 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲ ಹಾಕಿ ರಾತ್ರಿಯೆಲ್ಲ ಕಲಕ್ರಿ. ಕ್ಯುಪ್ರಿಕ್ ಕರಗಿ ಮೇಲಿನ ದ್ರವ ಹಸಿರಾಗ್ತದ, ಕ್ಯುಪ್ರಸ್ ಕರಗಂಗಿಲ್ಲ. ಬುಕ್ನರಿನಾಗ ಸೋಸಿ ಎಥನಾಲಿನಿಂದ ಎರಡು-ಮೂರು ಸಲ, ಕಡೀಗೆ ಈಥರಿನಿಂದ ತೊಳೀರಿ. ಒದ್ದಿ ಪುಡಿ ಮ್ಯಾಲೆ ಗಾಳಿ ಬಹಳ ಹೊತ್ತು ಎಳೀಬ್ಯಾಡ್ರಿ, ಮತ್ತ ಹಸಿರಾಗ್ತದ. ಲಗೂನ ವ್ಯಾಕ್ಯೂಮ್ ಡೆಸಿಕೇಟರಿಗೆ ಹಾಕಿ ಒಣಗಿಸಿ ಕಂದು ಬಾಟಲಿಗೆ ತುಂಬ್ರಿ. ಇದಕ್ಕೂ ಆಗದಿದ್ರ ಕ್ಯುಪ್ರಸ್ ಅಯೋಡೈಡ್ 95 ಮಿ.ಗ್ರಾಂ ಹಾಕ್ರಿ. ಗಾಳಿಗೆ ಅದು ಹೆಚ್ಚು ತಡೀತದ, ಬೆಂಜೈಲಿಕ್ ಆಲ್ಕೋಹಾಲಿಗೆ ಸಾಕು.

ಹಾಕೋ ಕ್ರಮವೂ ಮುಖ್ಯ. ಆಲ್ಕೋಹಾಲ್ ಮೊದಲು ಫ್ಲಾಸ್ಕಿನಾಗ ಇರಬೇಕು. ಆಮೇಲೆ ಕ್ಯುಪ್ರಸ್ ಬ್ರೋಮೈಡ್, ಬೈಪಿರಿಡಿನ್ (ಇಲ್ಲಿ ಕೆಂಪಾಗಬೇಕು, ಆಗದಿದ್ರ ಅಲ್ಲೇ ನಿಲ್ಸ್ರಿ), ಟೆಂಪೋ, ಕಡೀಗೆ ಎನ್-ಮೀಥೈಲ್ ಇಮಿಡಜೋಲ್. ಕೆಟಲಿಸ್ಟ್ ದ್ರಾವಣ ಬ್ಯಾರೆ ಮಾಡಿ ಚಹಾ ಕುಡಿದು ಬಂದ್ರ ಅದು ಆಲ್ಕೋಹಾಲ್ ಇಲ್ದೇ ಗಾಳಿಗೆ ಹಸಿರಾಗಿ ಕೂತಿರ್ತದ.

ಇನ್ನೊಂದು, ಟೆಂಪೋ ಕರಗೋದು 36–38 ಡಿಗ್ರಿಗೆ, ಮ್ಯಾಲೆ ಆವಿಯಾಗೂ ಹೋಗ್ತದ. ನಮ್ಮ ಕಡೆ ಏಪ್ರಿಲ್-ಮೇ ತಿಂಗಳು ಕಪಾಟಿನಾಗಿಟ್ರ ಬಾಟಲಿಯೊಳಗ ಕೆಂಪು ಪಾನಕ. ಫ್ರಿಜ್‌ನಾಗಿಡ್ರಿ, ತೂಗೋ ಮುಂದ ತಣ್ಣಗ ಇರ್ಲಿ, ಇಲ್ಲಾಂದ್ರ 78 ಮಿ.ಗ್ರಾಂ ಅಂತ ಬರ್ದದ್ದು 78 ಇರಂಗಿಲ್ಲ.

ಭೀಮಾತೀರ_ಪ್ರೊಸೆಸ್:

ಕೋಬಾಲ್ಟ್ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಉತ್ತರ: ಬೇಡ, ಅದು ಬೇರೆಯೇ ರಸಾಯನ.

ತಾಮ್ರ–ಟೆಂಪೋದಲ್ಲಿ ಆಮ್ಲಜನಕ ಉತ್ಪನ್ನದೊಳಗೆ ಸೇರುವುದಿಲ್ಲ. ಎಲೆಕ್ಟ್ರಾನು, ಪ್ರೋಟಾನು ತೆಗೆದುಕೊಂಡು ನೀರಾಗಿ ಹೋಗುತ್ತದೆ. ಕೋಬಾಲ್ಟ್ ಅಸಿಟೇಟ್, ಮ್ಯಾಂಗನೀಸ್, ಬ್ರೋಮೈಡ್ ಸೇರಿದ ಅಸಿಟಿಕ್ ಆಮ್ಲದಲ್ಲಿ ನಡೆಯುವುದು ರ್‍ಯಾಡಿಕಲ್ ಸರಪಳಿ. ಒಂಟಿ ಎಲೆಕ್ಟ್ರಾನಿನ ಕಣವೊಂದು ಇನ್ನೊಂದನ್ನು ಹುಟ್ಟಿಸುತ್ತಾ ಹೋಗುತ್ತದೆ, ಅಲ್ಲಿ ಆಮ್ಲಜನಕ ಇಂಗಾಲಕ್ಕೇ ಅಂಟಿ ಪೆರಾಕ್ಸೈಡ್ ಆಗುತ್ತದೆ. ಪ್ಯಾರಾ-ಕ್ಸೈಲೀನಿನಿಂದ ಟೆರೆಫ್ತಾಲಿಕ್ ಆಮ್ಲ ಮಾಡುವುದು ಹೀಗೆಯೇ, 175–225 ಡಿಗ್ರಿ, 15–30 ಬಾರ್ ಒತ್ತಡದಲ್ಲಿ. ಆಲ್ಡಿಹೈಡಿನ ಹೈಡ್ರೋಜನ್ ಸುಲಭವಾಗಿ ಕಿತ್ತು ಬರುವುದರಿಂದ ಆ ಪಾತ್ರೆಯಲ್ಲಿ ಆಲ್ಡಿಹೈಡ್ ನಿಲ್ಲದೆ ಆಮ್ಲವಾಗಿಬಿಡುತ್ತದೆ. ನಿಮಗೆ ಸಿಗುವುದು ಅನಿಸಿಕ್ ಆಮ್ಲ. ನಿಮ್ಮ ಈಗಿನ ಪಾಕದಲ್ಲಿ ಆಲ್ಡಿಹೈಡ್ ಬದುಕುವುದಕ್ಕೆ ಒಂದು ಕಾರಣ ಟೆಂಪೋವೇ, ಅದು ಇಂಥ ಸರಪಳಿಯನ್ನು ಕತ್ತರಿಸುತ್ತದೆ. ಕೋಬಾಲ್ಟನ್ನೂ ಟೆಂಪೋವನ್ನೂ ಒಟ್ಟಿಗೆ ಹಾಕಿದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ.

ಕಡೇಚೂರು, ಹುಮನಾಬಾದ್ ಕಡೆ ಔಷಧ ಮತ್ತು ಕೆಮಿಕಲ್ ಘಟಕಗಳಲ್ಲಿ ಕೆಲಸಕ್ಕೆ ಹೋಗುವವರು ಇದನ್ನು ಓದುತ್ತಿರಬಹುದು, ಅವರಿಗಾಗಿ ಒಂದು ಮಾತು. ತೆರೆದ ಬಾಯಿಯ ಈ ಪ್ರಯೋಗ 1 ಗ್ರಾಂ ಅಳತೆಗೆ ಸರಿ. ರಿಯಾಕ್ಟರಿನಲ್ಲಿ ದ್ರಾವಕದ ಆವಿಯ ಮೇಲೆ 21% ಆಮ್ಲಜನಕ ಇರಕೂಡದು. ಸಾರಜನಕದಲ್ಲಿ ಬೆರೆಸಿದ 8–9% ಆಮ್ಲಜನಕವನ್ನು ಒತ್ತಡದಲ್ಲಿ ಕೊಡುತ್ತಾರೆ, ಯಾಕೆಂದರೆ ಬಹುತೇಕ ಸಾವಯವ ದ್ರಾವಕಗಳ ಆವಿ ಅಷ್ಟು ಕಡಿಮೆ ಆಮ್ಲಜನಕದಲ್ಲಿ ಹೊತ್ತಿಕೊಳ್ಳುವುದಿಲ್ಲ. 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ಸೈಕ್ಲೋಹೆಕ್ಸೇನನ್ನು ಗಾಳಿಯಿಂದ ಆಕ್ಸಿಡೈಸ್ ಮಾಡುವ ರಿಯಾಕ್ಟರುಗಳ ನಡುವೆ ಹಾಕಿದ್ದ ತಾತ್ಕಾಲಿಕ ಪೈಪ್ ಒಡೆದು, ಆವಿಯ ಮೋಡ ಸಿಡಿದು 28 ಜನ ಸತ್ತರು. ಅಲ್ಲಿ ಅಷ್ಟೊಂದು ದ್ರಾವಕ ಬಿಸಿಯಾಗಿ ಸುತ್ತುತ್ತಿದ್ದುದಕ್ಕೂ ಆ ರಸಾಯನವೇ ಕಾರಣ: ಉತ್ಪನ್ನ ಮೂಲವಸ್ತುವಿಗಿಂತ ಬೇಗ ಸುಡುವುದರಿಂದ ಪ್ರತಿ ಸುತ್ತಿಗೆ ಕೆಲವೇ ಶೇಕಡಾ ಮಾತ್ರ ಪರಿವರ್ತಿಸಿ ಉಳಿದದ್ದನ್ನು ತಿರುಗಿಸಬೇಕಾಗುತ್ತದೆ.

ಕಲಬುರಗಿ_ಎಂಎಸ್ಸಿ:

ತುಂಬಾ ಧನ್ಯವಾದಗಳು. ಪುಡಿ ತೊಳೆದು, ಐಸ್ ನೀರಿನ ಕಂಡೆನ್ಸರ್ ಇಟ್ಟು, ತೊಟ್ಟಿ 26 ಡಿಗ್ರಿಯಲ್ಲಿ ನಡೆಸಿದೆ. 2 ಗಂಟೆ 40 ನಿಮಿಷಕ್ಕೆ ಕೆಂಪು ಹೋಗಿ ಹಸಿರು ಬಂತು, ಟಿಎಲ್‌ಸಿಯಲ್ಲಿ (ಹೆಕ್ಸೇನಿನಲ್ಲಿ 20% ಈಥೈಲ್ ಅಸಿಟೇಟ್) ಆಲ್ಕೋಹಾಲ್ ಇಲ್ಲ. ಈಗ ತಾಮ್ರ, ಕಿತ್ತಳೆ ಬಣ್ಣದ ಟೆಂಪೋ ಬಿಡಿಸುವುದು ಹೇಗೆ? ವೆನಿಲೈಲಿಗೆ ಇದೇ ಪಾಕವೇ?

ಬಿದರಿ_ಕಪ್ಪು:

ಛಲೋ ಆತು. ಅಸಿಟೋನೈಟ್ರೈಲನ್ನು ರೋಟಾದಾಗ (ಒತ್ತಡ ಇಳಿಸಿ ದ್ರಾವಕ ಆವಿ ಮಾಡೋ ಯಂತ್ರ) ತೆಗೀರಿ, ಉಳಿದದ್ದಕ್ಕ 40 ಮಿ.ಲೀ. ಈಥೈಲ್ ಅಸಿಟೇಟ್. 5% ಇಡಿಟಿಎ ಡೈಸೋಡಿಯಂ (ತಾಮ್ರ ಹಿಡಿದು ನೀರಿಗೆಳೆಯೋ ಉಪ್ಪು) ದ್ರಾವಣದಿಂದ ತೊಳೀರಿ, ಕೆಳಗಿನ ಪದರ ನೀಲಿ ಬರೋದು ನಿಲ್ಲೋ ತನಕ. ನಂತರ 10% ಆಸ್ಕಾರ್ಬಿಕ್ ಆಮ್ಲ 20 ಮಿ.ಲೀ. ಹಾಕಿ ಚೆನ್ನಾಗಿ ಅಲುಗಾಡಿಸ್ರಿ. ಕಿತ್ತಳೆ ಬಣ್ಣ ಹೋತಂದ್ರ ಟೆಂಪೋ ಹೈಡ್ರಾಕ್ಸಿಲಮೀನ್ ಆಯ್ತು. ತಡ ಮಾಡದೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದ್ರ ಅದೂ, ಬೈಪಿರಿಡಿನ್ನೂ, ಇಮಿಡಜೋಲೂ ನೀರಿಗಿಳೀತಾವ. ಆಮೇಲೆ ಬೈಕಾರ್ಬೊನೇಟ್, ಉಪ್ಪುನೀರು, ಸೋಡಿಯಂ ಸಲ್ಫೇಟ್. ಪೂರ್ತಿ ಬಂದ್ರ 1.36 ಗ್ರಾಂ.

ಟೆಂಪೋ ಹೋದ ಮ್ಯಾಲೆ ಆಲ್ಡಿಹೈಡಿಗೆ ಕಾವಲಿಲ್ಲ, ಗಾಳಿಗೆ ಆಮ್ಲ ಆಗ್ತದ. ಅವತ್ತೇ ಎನ್ಎಂಆರ್ ಕೊಡ್ರಿ, ಉಳಿದದ್ದು ಸಾರಜನಕ ತುಂಬಿ ಕಂದು ಬಾಟಲಿನಾಗ ಫ್ರಿಜ್ಜಿಗೆ. ತೊಳೆದ ನೀಲಿ ನೀರು ಸಿಂಕಿಗೆ ಚೆಲ್ಲಬ್ಯಾಡ್ರಿ. 32 ಮಿ.ಗ್ರಾಂ ತಾಮ್ರ ಅದರಾಗೇ ಅದ, ಬ್ಯಾರೆ ಡಬ್ಬಿಗೆ ಹಾಕ್ರಿ.

ಶಹಾಬಾದ್_ಕಲ್ಲು:

ವೆನಿಲೈಲಿಗೆ ಇದು ನಡೆಯುವುದಿಲ್ಲ. ಅದರಲ್ಲಿರುವ ಬಿಡಿ ಫೀನಾಲ್ ಗುಂಪು (ಬೆಂಜೀನ್ ಉಂಗುರಕ್ಕೆ ನೇರ ಅಂಟಿದ ಹೈಡ್ರಾಕ್ಸಿ) ಈ ಪಾಕಕ್ಕೆ ವಿಷ. ತುದಿಯ ಆಲ್ಕೈನೂ ಹಾಗೆಯೇ. ಸೆಕೆಂಡರಿ ಆಲ್ಕೋಹಾಲುಗಳೂ ಟೆಂಪೋ ಜೊತೆ ಬಹುತೇಕ ಅಲುಗಾಡುವುದಿಲ್ಲ, ಅವಕ್ಕೆ ಇಕ್ಕಟ್ಟು ಕಡಿಮೆಯಿರುವ ಆಬ್ನೋ (ABNO, ಟೆಂಪೋ ಜಾತಿಯದೇ ಇನ್ನೊಂದು ಸಂಯುಕ್ತ) ಬೇಕು. ಈ ಸಾಲಿನಲ್ಲೇ ಇನ್ನೊಂದು ಉದಾಹರಣೆ ಬೇಕಿದ್ದರೆ 3,4-ಡೈಮೆಥಾಕ್ಸಿಬೆಂಜೈಲ್ ಆಲ್ಕೋಹಾಲ್ ಮಾಡಿ. 10 ಮಿಲಿಮೋಲಿಗೆ 1.68 ಗ್ರಾಂ, ಉಳಿದದ್ದೆಲ್ಲ ಇದೇ ಅಳತೆ. 4-ನೈಟ್ರೋಬೆಂಜೈಲ್ ಆಲ್ಕೋಹಾಲ್ 1.53 ಗ್ರಾಂ ಕೂಡ ಒಳ್ಳೆಯದು, ಉತ್ಪನ್ನ ಘನ, 103–106 ಡಿಗ್ರಿಗೆ ಕರಗುತ್ತದೆ, ಕರಗುವ ಬಿಂದುವಿನಿಂದಲೇ ಶುದ್ಧತೆ ನೋಡಬಹುದು.

ವೆನಿಲಿನ್ನೇ ಬೇಕೆಂದರೆ ನಿಮ್ಮ ಕೋಬಾಲ್ಟಿಗೆ ಕೆಲಸ ಸಿಗುವುದು ಅಲ್ಲೇ. ಪ್ಯಾರಾ-ಕ್ರೆಸೋಲನ್ನು ಮೆಥನಾಲಿನಲ್ಲಿ, ಬೇಕಾದ್ದಕ್ಕಿಂತ ಹೆಚ್ಚು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ, ಕೋಬಾಲ್ಟ್ ಉಪ್ಪಿನೊಂದಿಗೆ ಆಮ್ಲಜನಕ ಕೊಟ್ಟು 4-ಹೈಡ್ರಾಕ್ಸಿಬೆಂಜಾಲ್ಡಿಹೈಡ್ ಮಾಡುವ ದಾರಿ ಇದೆ. ಫೀನಾಲ್ ಮೊದಲು ಫೀನಾಕ್ಸೈಡ್ ಆಗಿ, ಕ್ವಿನೋನ್ ಮೆಥೈಡ್ ಮೂಲಕ ಆಲ್ಡಿಹೈಡಿಗೆ ಹೋಗುತ್ತದೆ, ಅದಕ್ಕೇ ಅಷ್ಟು ಪ್ರತ್ಯಾಮ್ಲ. ವೆನಿಲೈಲಿಗೂ ಪ್ಯಾರಾ ಜಾಗದಲ್ಲೇ ಹೈಡ್ರಾಕ್ಸಿ ಇರುವುದರಿಂದ ಈ ದಾರಿ ಹೊಂದುತ್ತದೆ. ಆದರೆ ಮೆಥನಾಲಿನ ಮೇಲೆ ಆಮ್ಲಜನಕ ಹಾಯಿಸುವ ಕೆಲಸವದು. ಗೈಡ್ ಎದುರಿಗಿಲ್ಲದೆ, ಹುಡ್ ಇಲ್ಲದೆ ಶುರು ಮಾಡಬೇಡಿ.