ಎಸೆಸೆಲ್ಸಿ ಆಯ್ತು, ಮುಂದೇನು? – ಪೋಷಕರ ಗುಂಪಿನ ಪ್ರಶ್ನೋತ್ತರ

ಹಾಸನದ ತಾಯಿ: ನಮಸ್ತೆ ಮೇಡಂ. ಒಂದು ಕಾಲೇಜಿನವರು 42 ಲಕ್ಷ ಪ್ಯಾಕೇಜ್ ಅಂತ ಫ್ಲೆಕ್ಸ್ ಹಾಕಿದ್ದಾರೆ. ಮಗ ಅಲ್ಲಿಗೇ ಸೇರ್ತೀನಿ ಅಂತ ಹಟ ಹಿಡಿದಿದ್ದಾನೆ.

ಸಲಹೆಗಾರ್ತಿ: ಅದು ಒಬ್ಬನಿಗೆ ಸಿಕ್ಕಿದ್ದು. ಮೀಡಿಯನ್ ಸಂಬಳ, ಅಂದ್ರೆ ಎಲ್ಲರದ್ದನ್ನೂ ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರೋದು, ಅದನ್ನ ಕೇಳಿ. ಕೇಂದ್ರ ಸರ್ಕಾರದ ಕಾಲೇಜು ರ್ಯಾಂಕ್ ಪಟ್ಟಿಯಾದ ಎನ್‌ಐಆರ್‌ಎಫ್‌ಗೆ ಕಾಲೇಜು ಕೊಟ್ಟ ವಿವರದಲ್ಲಿರುತ್ತೆ. ಪ್ಯಾಕೇಜಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿನೂ ಸೇರಿರುತ್ತೆ. ತಿಂಗಳಿಗೆ ಕೈಗೆ ಬರೋದು ಬೇರೆ.

ತುಮಕೂರು: ಬಿ.ಎಸ್ಸಿ. ಅಗ್ರಿ ಮಾಡಿದರೆ ಶುರುವಿಗೆ ಎಷ್ಟು ಸಿಗುತ್ತೆ ಮೇಡಂ?

ಕೊಪ್ಪಳದ ತಂದೆ: ಮೇಡಮ್ಮೋರ, ಮಗಳು 91 ಪರ್ಸೆಂಟ್ ತಗೊಂಡಾಳ್ರಿ. ನಮ್ಮ ಓಣ್ಯಾಗ ಡಿಗ್ರಿ ಮುಗಿಸಿದವ್ರು ಮೊಬೈಲ್ ಅಂಗಡ್ಯಾಗ 12 ಸಾವಿರಕ್ಕ ದುಡೀತಾರ. ಓದಿಸಿ ಏನ್ ಬಂತು ಅಂತಾನ ನಮ್ಮಣ್ಣ. ಆಕಿನೂ ಹೊಲಿಗಿ ಕಲೀತೀನಿ ಅನ್ನಾಕತ್ತಾಳ.

ಸಲಹೆಗಾರ್ತಿ: ಸರ್, ಉಳಿದ ಪ್ರಶ್ನೆ ಬಿಟ್ಟು ನಿಮ್ಮದಕ್ಕೆ ಬರ್ತೀನಿ. ಓಣಿಯಲ್ಲಿ ನಿಮಗೆ ಕಾಣೋದು ಊರಲ್ಲೇ ಉಳಿದವರು. ಓದಿ ಕೆಲಸ ಹಿಡಿದವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿರ್ತಾರೆ, ಅವರ ಸಂಬಳ ನಿಮ್ಮ ಮಗಳ ಲೆಕ್ಕಕ್ಕೇ ಬಂದಿಲ್ಲ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ರಾಬರ್ಟ್ ಜೆನ್ಸನ್ ಅನ್ನೋ ಅರ್ಥಶಾಸ್ತ್ರಜ್ಞ ಇದನ್ನೇ ಕಂಡಿದ್ದು. ಎಂಟನೇ ತರಗತಿ ಹುಡುಗರು ಹೈಸ್ಕೂಲ್ ಮುಗಿಸಿದರೂ ಗಳಿಕೆ ಅಷ್ಟಕ್ಕಷ್ಟೆ ಅಂದುಕೊಂಡಿದ್ದರು. ನಿಜವಾದ ಅಂಕಿ ತಿಳಿಸಿದ ಮೇಲೆ, ಸರಾಸರಿಯಲ್ಲಿ, ಇನ್ನಷ್ಟು ಕಾಲ ಓದಿದರು. ತೀರಾ ಬಡವರ ಮಕ್ಕಳಿಗೆ ಮಾತ್ರ ವಿಷಯ ಮನಸ್ಸಿಗೆ ಹೋದರೂ ಓದು ಅಷ್ಟಾಗಿ ಮುಂದುವರಿಯಲಿಲ್ಲ. ಹಾಗಾಗಿ ದುಡ್ಡಿನ ದಾರಿಯನ್ನೂ ನೋಡಿ: ರಾಜ್ಯ ಸರ್ಕಾರದ ವೆಬ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿವೇತನ, ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್. ಆಕೆಯ ಶಾಲೆಯಲ್ಲೇ ಓದಿ ಹೊರಗೆ ದುಡಿಯುವ ನಾಲ್ಕೈದು ಹೆಣ್ಣುಮಕ್ಕಳ ಹತ್ತಿರ ಫೋನಲ್ಲಿ ಮಾತಾಡಿಸಿ. ಸಂಬಳ ಎಷ್ಟು, ಪಿಜಿ ಬಾಡಿಗೆ ಕಳೆದು ಉಳಿಯೋದೆಷ್ಟು, ಆಕೆಯೇ ಕೇಳಲಿ. ಹೊಲಿಗೆ ಬೇಕಾದರೆ ರಜೆಯಲ್ಲಿ ಕಲಿಯಲಿ.

ಮಂಡ್ಯ: *ಫಾರ್ವರ್ಡ್* ಎಐ ಬಂದರೂ ಉಳಿಯುವ 7 ಕೋರ್ಸ್! ಎಲ್ಲರಿಗೂ ಕಳಿಸಿ!!

ಸಲಹೆಗಾರ್ತಿ: ಬರೆದವರ ಹೆಸರಿಲ್ಲ, ಕೆಳಗೆ ಕೋಚಿಂಗ್ ಸೆಂಟರಿನ ನಂಬರ್ ಇದೆ. ಇದನ್ನು ನೋಡಿ ಫೀಸ್ ಕಟ್ಟಬೇಡಿ.

ಮಂಡ್ಯ: ಒಳ್ಳೇದಕ್ಕೇ ಹಾಕಿದ್ದು.

ದಾವಣಗೆರೆ: ಐಟಿಐ ಮಾಡಿದ ನನ್ನ ತಮ್ಮ ಇಂಜಿನಿಯರ್‌ಗಿಂತ ಜಾಸ್ತಿ ದುಡೀತಾನೆ.

ಮೈಸೂರು: ಒಬ್ಬ ತಮ್ಮನ್ನ ಇಟ್ಕೊಂಡು ಊರಿಗೆಲ್ಲ ಪಾಠ ಹೇಳ್ಬೇಡಿ.

ದಾವಣಗೆರೆ: ನಿಮ್ಮ ಮಗ ಬಿಇ ಮುಗಿಸಿ ಮನೇಲೇ ಇದಾನಲ್ಲ?

ಮೈಸೂರು: ಅಡ್ಮಿನ್, ಇವರನ್ನ ತೆಗೀರಿ.

ಹಾಸನದ ತಾಯಿ: ಹಾಗಾದ್ರೆ 42 ಲಕ್ಷ ಸುಳ್ಳಾ ಮೇಡಂ?

ಸಲಹೆಗಾರ್ತಿ: ಮೇಲೆ ಬರೆದಿದ್ದೀನಿ. ಓದಿ.

ಬೀದರ್: ಡಿಪ್ಲೊಮಾ ಆದ್ಮೇಲೆ ಬಿಇ ಮಾಡಬಹುದಾ?

ಸಲಹೆಗಾರ್ತಿ: ಹೌದು. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು.

ಕೊಪ್ಪಳದ ತಂದೆ: ಹಾಸ್ಟೆಲ್ ದೂರ ಐತ್ರಿ. ಅಣ್ಣ ಒಪ್ಪೂದಿಲ್ಲ.

ಸಲಹೆಗಾರ್ತಿ: ಅಣ್ಣನ ನಂಬರ್ ನನಗೆ ಬೇರೆಯಾಗಿ ಕಳಿಸಿ. ಇಲ್ಲಿ ಹಾಕಬೇಡಿ.