ಸಹಾಯ ಬೇಕು: ಬೆವಾಸಿಜುಮ್ಯಾಬ್ ಎಂಬ ಕ್ಯಾನ್ಸರ್ ಔಷಧ ಗೆಡ್ಡೆಯ ಆಮ್ಲಜನಕ ತಡೆಯುವುದೋ, ಹೆಚ್ಚಿಸುವುದೋ?

ಅಮ್ಮನಿಗೆ ಅಡಿನೋಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಬೀಡಿ, ಸಿಗರೇಟು ಮುಟ್ಟಿದವರಲ್ಲ; ಸೌದೆ ಒಲೆಯ ಹೊಗೆ ಮಾತ್ರ ಜೀವನವಿಡೀ ಕುಡಿದಿದ್ದಾರೆ. ಕಿಮೋ ಜೊತೆ ಬೆವಾಸಿಜುಮ್ಯಾಬ್ ಕೊಡೋಣ ಎಂದಿದ್ದಾರೆ ವೈದ್ಯರು. ಗೆಡ್ಡೆ ಹೊಸ ರಕ್ತನಾಳ ಬೆಳೆಸಿಕೊಳ್ಳಲು ಬಳಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಅದು ಕಟ್ಟಿಹಾಕುತ್ತದೆ. ಅಂದರೆ ರಕ್ತ, ಆಮ್ಲಜನಕ ಎರಡಕ್ಕೂ ಕತ್ತರಿ. ಇಲ್ಲಿಯವರೆಗೆ ಅರ್ಥವಾಯಿತು.

ಆದರೆ ಸೊಂಟದ ಮೂಳೆಗೂ ಹರಡಿರುವುದರಿಂದ ಅಲ್ಲಿಗೆ ವಿಕಿರಣ ಕೊಡುತ್ತಾರಂತೆ. ಆಮ್ಲಜನಕ ತೀರಾ ಕಡಿಮೆಯಿರುವ ಜೀವಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕೆಂದು ಓದಿದೆ. ಹಾಗಾದರೆ ಒಂದು ಚಿಕಿತ್ಸೆ ಇನ್ನೊಂದರ ಕಾಲೆಳೆಯುವುದಿಲ್ಲವೇ? ಗೆಡ್ಡೆಯ ಸೋರುವ ರಕ್ತನಾಳಗಳನ್ನು ಬೆವಾಸಿಜುಮ್ಯಾಬ್ ಕೆಲಕಾಲ ಸರಿಪಡಿಸಿ ಆಮ್ಲಜನಕ ಹೆಚ್ಚಿಸಬಹುದು ಎಂದೂ ಇನ್ನೊಂದು ಕಡೆ ಬರೆದಿದ್ದಾರೆ. ತಲೆ ಕೆಟ್ಟಿದೆ.

ವೈದ್ಯರನ್ನು ಕೇಳಿದೆ, ಹೊರಗಿನ ಸಾಲು ನೋಡಿ ಎರಡೇ ನಿಮಿಷದಲ್ಲಿ ಕಳಿಸಿದರು. ಈ ನಡುವೆ ಚಿಕ್ಕಪ್ಪ, ಕ್ಯಾನ್ಸರಿಗೆ ಸಕ್ಕರೆಯೇ ಆಹಾರ ಎಂದು ಅಮ್ಮನ ಅನ್ನವನ್ನೂ ನಿಲ್ಲಿಸಿದ್ದಾರೆ. ಅಮ್ಮ ಆಗಲೇ 6 ಕಿಲೋ ಇಳಿದಿದ್ದಾರೆ, ಅದು ಬೇರೆ ಜಗಳ.

ಕ್ಯಾನ್ಸರ್ ಚಿಕಿತ್ಸೆ ತಿಳಿದವರೇ ಹೇಳಿ: ಬೆವಾಸಿಜುಮ್ಯಾಬ್ ಮತ್ತು ಮೂಳೆಯ ವಿಕಿರಣದ ನಡುವೆ ದಿನಗಳ ಅಂತರ ಬೇಕೇ? ಬೇಕಿದ್ದರೆ ಯಾವುದು ಮೊದಲು?