ಹೊಸ ಫೈಬರ್‌ಗ್ಲಾಸ್ ರಾಡ್: ಪಾಪರ್ ಕಟ್ಟಿದರೆ ಸೋಲುತ್ತದೆ, ಲೈನ್ ಬದಲಿಸಲೇ?

ಬಂಡೆಸಾಲು:

ಇಷ್ಟು ದಿನ ಗ್ರಾಫೈಟ್ ರಾಡಿನಲ್ಲೇ ಫ್ಲೈ (ಗರಿ, ನೂಲು ಸುತ್ತಿ ಕಟ್ಟಿದ ಹುಸಿ ಹುಳು) ಬೀಸುತ್ತಿದ್ದೆ. ಈಗ ಫೈಬರ್‌ಗ್ಲಾಸ್ ಒಂದು ತಗೊಂಡಿದ್ದೇನೆ. 8 ಅಡಿ, 6 ವೇಟ್ (6 ನಂಬರ್ ತೂಕದ ಲೈನಿಗೆ ಮಾಡಿದ್ದು), ಮೂರು ತುಂಡು, ಎಸ್ ಗ್ಲಾಸ್. ಲೈನ್ ಮಾಮೂಲಿ ವೇಟ್ ಫಾರ್ವರ್ಡ್ (ಭಾರವೆಲ್ಲ ಮುಂಭಾಗದಲ್ಲಿರುವುದು) 6. ಮೊನ್ನೆ ಅದನ್ನು ಸ್ಮಾಲ್‌ಮೌತ್ ಬಾಸ್ ಮೀನು ಇರುವ ನದಿಗೆ ಒಯ್ದಿದ್ದೆ. ಮೊಣಕಾಲುದ್ದ ನೀರು, ನಡುನಡುವೆ ಬಂಡೆ, ಬಂಡೆಗಳ ಹಿಂದೆ ಸಣ್ಣ ಸಣ್ಣ ಮಡು. ನೀರು 27 ಡಿಗ್ರಿ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. 8 ನಂಬರ್ ಗಾಳದ ವೂಲಿ ಬಗರ್ (ಗರಿ ಬಾಲದ, ಮುಳುಗುವ ಫ್ಲೈ) ಕಟ್ಟಿ ಎಂಟು-ಹತ್ತು ಮೀಟರಿಗೆ ಹಾಕಿದಾಗ ಏನು ಸುಖ! ರಾಡ್ ಹಿಡಿಯ ತನಕ ಬಳುಕುವುದು ಕೈಗೆ ಗೊತ್ತಾಗುತ್ತದೆ. ಅಂಗೈಯಗಲದ ಸನ್‌ಫಿಷ್ ಕೂಡ ಒಳ್ಳೇ ಜಗ್ಗಾಟ ಕೊಡುತ್ತದೆ.

ತೊಂದರೆ ಶುರುವಾಗಿದ್ದು ಪಾಪರ್ (ನೀರ ಮೇಲೆ ತೇಲುತ್ತಾ ಸದ್ದು ಮಾಡುವ ಫ್ಲೈ) ಕಟ್ಟಿದ ಮೇಲೆ. 2 ನಂಬರ್ ಗಾಳ (ನಂಬರ್ ಚಿಕ್ಕದಾದಷ್ಟೂ ಗಾಳ ದೊಡ್ಡದು), ಅಗಲ ಮುಖ, ರಬ್ಬರ್ ಕಾಲು. ಹದಿನೈದು ಮೀಟರ್ ಆಚೆಯ ನೆರಳಿಗೆ ಹಾಕಲು ಹೋದರೆ ಲೂಪ್ (ಗಾಳಿಯಲ್ಲಿ ಲೈನ್ ಮಡಚಿಕೊಳ್ಳುವ ಸುತ್ತು) ಬಿಚ್ಚಿಕೊಳ್ಳುವುದೇ ಇಲ್ಲ. ಲೀಡರ್ (ಲೈನ್ ತುದಿಗೆ ಕಟ್ಟುವ ತೆಳು ದಾರ) ಮುದ್ದೆಯಾಗಿ ಪಾಪರ್ ಮೇಲೇ ಬೀಳುತ್ತದೆ. ಜೋರು ಮಾಡಿದಷ್ಟೂ ಕೆಡುತ್ತದೆ. ಮೀನು ಬಂದು ಬಾಯಿ ಹಾಕಿದರೂ, ರಾಡ್ ಎತ್ತಿದರೆ ಅದು ಬರೀ ಬಾಗುತ್ತದೆ. ಗಾಳ ನಾಟುವುದಿಲ್ಲ.

7 ವೇಟ್ ಲೈನ್ ಹಾಕಿದರೆ ಸರಿಹೋಗುತ್ತದಾ? ಗ್ಲಾಸ್‌ಗೆ ಒಂದು ನಂಬರ್ ಜಾಸ್ತಿ ಹಾಕಬೇಕು ಅಂತಾರಲ್ವಾ? ಇನ್ನೊಂದು: ತುಂಡುಗಳು ಸೇರುವಲ್ಲಿ ಸುಮಾರು ಒಂದು ಸೆಂಟಿಮೀಟರ್ ಸಂದು ಉಳಿಯುತ್ತದೆ. ಪೂರ್ತಿ ಒಳಗೆ ಹೋಗುವುದಿಲ್ಲ. ವಾಪಸ್ ಕೊಡಬೇಕಾ?

ಹಳೇಗಾಳ:

ವಾಪಸ್ ಕೊಡಬೇಡಿ. ಅದು ಸ್ಪಿಗಾಟ್ ಫೆರುಲ್, ಅಂದರೆ ಒಂದು ತುಂಡಿನಿಂದ ಚಾಚಿದ ಕಡ್ಡಿ ಇನ್ನೊಂದರೊಳಗೆ ಸೇರುವ ಜೋಡಣೆ. ಒಳಗಿನ ಕಡ್ಡಿ ಬಳಸುತ್ತಾ ಸವೆಯುತ್ತದೆ, ಸವೆದಷ್ಟೂ ಒಳಗೆ ಹೋಗುತ್ತದೆ. ಅದಕ್ಕೇ ಸಂದು ಬಿಟ್ಟಿರುತ್ತಾರೆ. ಸಂದು ಮುಚ್ಚಿಹೋದ ದಿನ ಚಿಂತೆ ಮಾಡಿ.

ಇನ್ನು ಲೈನ್. 6 ವೇಟ್ ಅಂದರೆ ಲೈನಿನ ಮೊದಲ 30 ಅಡಿ 160 ಗ್ರೇನ್, ಅಂದರೆ ಸುಮಾರು ಹತ್ತೂವರೆ ಗ್ರಾಂ ತೂಗಬೇಕು. 7 ವೇಟ್ ಆದರೆ 185 ಗ್ರೇನ್. ಆರೇಳು ಮೀಟರ್ ಒಳಗೇ ಹಾಕುವವರಿಗೆ ಆ 30 ಅಡಿ ಪೂರ್ತಿ ಹೊರಗೆ ಬರುವುದೇ ಇಲ್ಲ. ರಾಡ್ ಬಾಗಲು ತೂಕ ಸಾಲುವುದಿಲ್ಲ. ಅಂಥವರಿಗೆ ಒಂದು ನಂಬರ್ ಜಾಸ್ತಿ ಸರಿ. ನಿಮ್ಮದು ಉಲ್ಟಾ. ಹದಿನೈದು ಮೀಟರಿಗೆ ಹಾಕುವಾಗ ಗಾಳಿಯಲ್ಲಿ ಎತ್ತಿ ಹಿಡಿದ ಲೈನ್ ಈಗಾಗಲೇ ಸಾಕಷ್ಟು ಭಾರ. ಇನ್ನೂ ಭಾರ ಹಾಕಿದರೆ ರಾಡ್ ಇನ್ನೂ ಮಲಗುತ್ತದೆ.

ಗ್ರಾಫೈಟ್ ನೂಲು ಗ್ಲಾಸ್ ನೂಲಿಗಿಂತ ಸುಮಾರು ಮೂರು ಪಟ್ಟು ಬಿಗಿ. ಎಸ್ ಗ್ಲಾಸ್ ಹಳೇ ಇ ಗ್ಲಾಸ್‌ಗಿಂತ ಸ್ವಲ್ಪ ಬಿಗಿ, ಅಷ್ಟೇ. ಹಾಗಾಗಿ ನಿಮ್ಮ ರಾಡ್ ಆಳಕ್ಕೆ ಬಾಗುತ್ತದೆ, ನಿಧಾನಕ್ಕೆ ವಾಪಸ್ ಬರುತ್ತದೆ. ಬ್ಯಾಕ್‌ಕಾಸ್ಟ್ (ಹಿಂದಕ್ಕೆ ಬೀಸಿದ ಲೈನ್) ಪೂರ್ತಿ ಚಾಚುವ ತನಕ ಕಾಯಿರಿ. ಬೇಕಿದ್ದರೆ ತಿರುಗಿ ನೋಡಿ, ನಾಚಿಕೆ ಏನಿಲ್ಲ. ಆಮೇಲೆ ನಿಧಾನಕ್ಕೆ ಶುರುಮಾಡಿ, ವೇಗ ಏರಿಸುತ್ತಾ ಹೋಗಿ, ಕೊನೆಗೆ ಗಕ್ಕನೆ ನಿಲ್ಲಿಸಿ. ಮೊದಲಿಗೇ ಜೋರು ಹಾಕಿದರೆ ರಾಡ್ ತುದಿ ಕೆಳಕ್ಕೆ ಕುಸಿಯುತ್ತದೆ, ಲೈನ್ ಲೈನಿಗೇ ಸಿಕ್ಕಿಕೊಳ್ಳುತ್ತದೆ.

ಲೀಡರ್ ಎಷ್ಟುದ್ದ? 9 ಅಡಿ ಇದ್ದರೆ ಏಳೂವರೆಗೆ ಇಳಿಸಿ, ಟಿಪ್ಪೆಟ್ (ಲೀಡರಿನ ಕೊನೆಯ ತೆಳು ಭಾಗ) 1 ಎಕ್ಸ್ ಹಾಕಿ; ಎಕ್ಸ್ ನಂಬರ್ ಚಿಕ್ಕದಾದಷ್ಟೂ ದಾರ ದಪ್ಪ. ಅಗಲ ಮುಖದ ಪಾಪರ್ ಗಾಳಿಯನ್ನೇ ತಳ್ಳಿಕೊಂಡು ಹೋಗಬೇಕು. ತೆಳ್ಳಗಿನ ಟಿಪ್ಪೆಟ್ಟಿಗೆ ಅದನ್ನು ತಿರುಗಿಸುವ ಶಕ್ತಿ ಇಲ್ಲ.

ಸೆಳವು:

ಹಳೇಗಾಳ ಸರ್ ಹೇಳಿದ್ದಕ್ಕೆ ನನ್ನದೊಂದು ತಕರಾರು. ಹದಿನೈದು ಮೀಟರ್ ಯಾಕೆ ಬೇಕು? ಮೊಣಕಾಲುದ್ದ ನೀರು ಅಂತೀರಿ. ನಾಲ್ಕು ಹೆಜ್ಜೆ ಮುಂದೆ ಹೋಗಿ. ಬಂಡೆಯ ಹಿಂದೆ ನಿಂತ ಬಾಸ್ ಸೆಳವಿನ ಕಡೆಗೆ ಮುಖ ಮಾಡಿರುತ್ತದೆ. ಕೆಳಗಿನಿಂದ ಮೆಲ್ಲಗೆ ಹೋದರೆ ಹತ್ತು ಮೀಟರಿಗೇ ಸಿಗುತ್ತದೆ. 2 ನಂಬರ್ ಪಾಪರ್ ನಿಜವಾಗಿ 8 ವೇಟ್ ರಾಡಿನ ಕೆಲಸ. 6 ನಂಬರ್ ಗಾಳದ ಸಣ್ಣ ಪಾಪರಿಗೆ ಇಳಿಯಿರಿ, ಅದಕ್ಕೂ ದೊಡ್ಡ ಬಾಸ್ ಬರುತ್ತದೆ.

ಗಾಳ ನಾಟಿಸುವುದು ರಾಡ್ ಎತ್ತಿ ಅಲ್ಲ. ತುದಿ ನೀರಿನ ಹತ್ತಿರ, ಲೈನಿನ ಕಡೆಗೇ ನೇರ ಇರಲಿ. ಮೀನು ಬಾಯಿ ಹಾಕಿದಾಗ ಇನ್ನೊಂದು ಕೈಯಿಂದ ಲೈನನ್ನು ಉದ್ದಕ್ಕೆ ಎಳೆಯಿರಿ. ಭಾರ ಸಿಕ್ಕಿದ ಮೇಲೆ ಎತ್ತಿ. ಗ್ಲಾಸ್ ಬಳುಕು ಟಿಪ್ಪೆಟ್ ಉಳಿಸುತ್ತದೆ ನಿಜ, ಆದರೆ ದಪ್ಪ ಗಾಳ ನಾಟಿಸುವ ಏಟನ್ನೂ ಅದೇ ನುಂಗುತ್ತದೆ.

ಇನ್ನೊಂದು ಮಾತು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಮ್ಮಿ. 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕರಗಿರಬಹುದು, 30 ಡಿಗ್ರಿಯಲ್ಲಿ ಏಳೂವರೆ. ರಾಡ್ ಬಳುಕುವ ಮಜಾ ನೋಡುತ್ತಾ ಮೀನನ್ನು ಸುಮ್ನೆ ಆಡಿಸಬೇಡಿ. ರಾಡನ್ನು ಪಕ್ಕಕ್ಕೆ ವಾಲಿಸಿ, ಬುಡದ ಬಲದಿಂದ ಎಳೆದು ಬೇಗ ಬಿಟ್ಟುಬಿಡಿ.

ಬಂಡೆಸಾಲು:

ಲೀಡರ್ 9 ಅಡಿಯದೇ, 4 ಎಕ್ಸ್. ಟ್ರೌಟ್‌ಗೆ ಕಟ್ಟಿದ್ದು ಹಾಗೇ ಇತ್ತು. 7 ವೇಟ್ ಲೈನ್ ಈಗ ಬೇಡ. 6 ನಂಬರ್ ಪಾಪರ್ ಕಟ್ಟಿ ನೋಡುತ್ತೇನೆ. ಕ್ಲೌಸರ್ ಮಿನೋ (ಲೋಹದ ಕಣ್ಣಿನ, ಮುಳುಗುವ ಫ್ಲೈ) ಈ ರಾಡಿಗೆ ಆಗುತ್ತದಾ? ಫೆರುಲ್‌ಗೆ ಮೇಣ ಈಗಲೇ ಹಚ್ಚಬೇಕಾ?

ಹಳೇಗಾಳ:

ಕ್ಲೌಸರ್ ಆಗುತ್ತದೆ. ಬಾಬ್ ಕ್ಲೌಸರ್ 1980ರ ದಶಕದಲ್ಲಿ ಅದನ್ನು ಕಟ್ಟಿದ್ದೇ ಸ್ಮಾಲ್‌ಮೌತ್‌ಗಾಗಿ. ಆದರೆ ಸಣ್ಣ ಕಣ್ಣಿನದು ತಗೊಳ್ಳಿ, ಲೂಪ್ ಅಗಲ ಇರಲಿ. ಬಿಗಿ ಲೂಪಿನಲ್ಲಿ ಆ ಲೋಹದ ಕಣ್ಣು ರಾಡಿಗೆ ಬಡಿದರೆ ಗ್ಲಾಸ್ ಆದರೂ ಪೆಟ್ಟಾಗುತ್ತದೆ. ಮೇಣ ಈಗ ಬೇಡ. ಬೀಸುವಾಗ ತುಂಡು ತಿರುಗಲು ಶುರುವಾದರೆ ಮೇಣದಬತ್ತಿಯನ್ನು ಕಡ್ಡಿಗೆ ತೆಳ್ಳಗೆ ಉಜ್ಜಿ.